ಡಿಗ್ರಿಯಲ್ಲಿ 5.4, ಈಗ ಎಂಬಿಬಿಎಸ್ ಎರಡನೇ ವರ್ಷ

ಪಿಯು ರಿಸಲ್ಟ್ ಬಂದ ಮೇಲೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. "ಅಕ್ಕಾ, ಮಾರ್ಕ್ಸ್ ಕಮ್ಮಿ ಬಂದಿದೆ. ಮೆಡಿಕಲ್ ಆಸೆ ಬಿಟ್ಟುಬಿಡ್ಲಾ?" ಈ ಸಲ ಕೆ.ಆರ್. ಪೇಟೆ ಕಡೆಯ ಒಬ್ಬ ಹುಡುಗಿ ಫೋನನ್ನೇ ಮಾಡಿದಳು. ಬಿಎಸ್ಸಿ ಕೊನೇ ವರ್ಷ, ಸಿಜಿಪಿಎ, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಡಿಗ್ರಿಯ ಸರಾಸರಿ, ಆರು ದಾಟಿಲ್ಲ. "ಇಂಥ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ನೀಟ್ ಬರೆದ್ರೆ ನಗಲ್ವಾ?" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಇನ್ನೂ ನಾಲ್ಕು ಜನಕ್ಕೆ ತಲುಪಲಿ ಅಂತ.

ಯಾರೂ ನಗುವುದಿಲ್ಲ. ಯಾಕೆಂದರೆ ಯಾರೂ ಕೇಳುವುದೇ ಇಲ್ಲ. ನನ್ನ ಬಿಎಸ್ಸಿ ಸಿಜಿಪಿಎ 5.4. ನಾನೀಗ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದುತ್ತಿದ್ದೇನೆ. ನೀಟ್ ಅರ್ಜಿಯಿಂದ ಹಿಡಿದು ಸೀಟು ಸಿಗುವ ತನಕ ಆ 5.4 ಎಷ್ಟು ಅಂತ ಒಬ್ಬರೂ ನೋಡಲಿಲ್ಲ. ನಮ್ಮಲ್ಲಿ ಎಂಬಿಬಿಎಸ್‌ಗೆ ಡಿಗ್ರಿ ಮಾರ್ಕ್ಸ್ ಲೆಕ್ಕಕ್ಕೇ ಬರುವುದಿಲ್ಲ. ಪಿಯು ಮಾರ್ಕ್ಸ್ ಬರುತ್ತದೆ, ಅದೂ ಬಾಗಿಲ ತನಕ ಮಾತ್ರ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ 300ಕ್ಕೆ ಜನರಲ್ ಆದರೆ 150 ಇರಬೇಕು, ಅಂದರೆ 50%. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ 40% ಸಾಕು, 120. ಇಂಗ್ಲಿಷ್ ಪಾಸಾಗಿರಬೇಕು. ಗಣಿತದಲ್ಲಿ ಎಷ್ಟು ಬಂತು, ಕನ್ನಡದಲ್ಲಿ ಎಷ್ಟು ಬಂತು ಯಾರಿಗೂ ಬೇಡ. ಅಷ್ಟು ದಾಟಿದರೆ 97% ತೆಗೆದವರೂ 61% ತೆಗೆದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ನನಗೆ ಬಂದಿದ್ದು 61%. ಅಲ್ಲಿಂದ ಮುಂದೆ ಕೆಲಸಕ್ಕೆ ಬರುವುದು ನೀಟ್‌ನ 720 ಅಂಕ ಒಂದೇ.

ಈ ವಿಷಯ ನನಗೆ ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ. ಮೈಸೂರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಮೇಜಿನ ಆಚೆ ಕೂತಿದ್ದವರು ನನ್ನ ಡಿಗ್ರಿ ಮಾರ್ಕ್ಸ್ ಕಾರ್ಡ್ ತಿರುವಿ ಹಾಕಿ, "ನಿಮ್ಗೆ ಬಿ.ಎಡ್ ಒಳ್ಳೇದಮ್ಮ" ಅಂದು ವಾಪಸ್ ಕೊಟ್ಟರು. ಬಿ.ಎಡ್ ಒಳ್ಳೆಯ ಕೋರ್ಸೇ. ಆದರೆ ಆ ಕಾರ್ಡು ನೋಡಿ ಆ ಮಾತು ಹೇಳಬಾರದಿತ್ತು. ನಿಯಮ ಗೊತ್ತಿದ್ದವರು ಹಾಗೆ ಹೇಳುವುದಿಲ್ಲ.

ಆ 5.4 ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. ನಮ್ಮೂರು ಪಾಂಡವಪುರದ ಹತ್ತಿರ. ಅಪ್ಪ ಕಬ್ಬು ಬೆಳೆಯುತ್ತಿದ್ದರು. ನಾನು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ ಓದುವಾಗ ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರು ಪಾಂಡವಪುರದಿಂದ ರೈಲಿನಲ್ಲಿ ಬರುತ್ತಿದ್ದರು, ನಾನು ಮೈಸೂರು ಸ್ಟೇಷನ್ನಿಗೆ ಹೋಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಮಿಷನ್ನಿಗೆ ಹಾಕಿದರೆ ನಾಲ್ಕು ಗಂಟೆ. ನನ್ನ ಪ್ರಾಕ್ಟಿಕಲ್ ಕ್ಲಾಸ್ ಇರುತ್ತಿದ್ದುದು ಅದೇ ಹೊತ್ತಿಗೆ. ಹಾಜರಾತಿ ಹೋಯಿತು, ಇಂಟರ್ನಲ್ಸ್ ಹೋಯಿತು, ಎರಡು ಪೇಪರ್ ಮತ್ತೆ ಬರೆಯಬೇಕಾಯಿತು. ಅಮ್ಮನಿಗೆ ಹಸು, ಗದ್ದೆ ಬಿಟ್ಟು ಬರಲಿಕ್ಕಾಗುತ್ತಿರಲಿಲ್ಲ. ತಮ್ಮ ಚಿಕ್ಕವನು. ನಾನು ಹೋಗದೆ ಇನ್ಯಾರು ಹೋಗಬೇಕಿತ್ತು?

ಅಪ್ಪನ ಎಡಗೈ ಮಣಿಕಟ್ಟಿನ ಹತ್ತಿರ ಫಿಸ್ಟುಲಾ ಮಾಡಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಜೇನುಗೂಡು ಗುಂಯ್‌ಗುಟ್ಟಿದ ಹಾಗೆ ಅದುರುತ್ತದೆ. ಮೊದಲ ಸಲ ಮುಟ್ಟಿ ಹೆದರಿ ಕೈ ತೆಗೆದಿದ್ದೆ. ಡಯಾಲಿಸಿಸ್ ಟೆಕ್ನಿಷಿಯನ್ ಅಕ್ಕ ಹೇಳಿದರು: "ಅದು ಅದುರ್ತಾ ಇದ್ರೆ ಚೆನ್ನಾಗಿದೆ ಅಂತ. ನಿಂತ್ರೆ ಮಾತ್ರ ತಕ್ಷಣ ಕರ್ಕೊಂಡು ಬರ್ಬೇಕು." ಅಪಧಮನಿಯನ್ನು ಅಭಿಧಮನಿಗೆ ಸೇರಿಸಿ ಹೊಲಿದಿರುತ್ತಾರೆ. ಜೋರಾಗಿ ಹರಿಯುವ ರಕ್ತ ಅಭಿಧಮನಿಗೆ ನುಗ್ಗುತ್ತದೆ, ಕೆಲವು ವಾರಗಳಲ್ಲಿ ಅದು ದಪ್ಪಗಾಗುತ್ತದೆ. ಆಗ ಡಯಾಲಿಸಿಸ್‌ನ ದೊಡ್ಡ ಸೂಜಿ ಚುಚ್ಚಲಿಕ್ಕೆ ಸರಿಹೋಗುತ್ತದೆ. ಆ ಕೈಯಲ್ಲಿ ಬಿಪಿ ನೋಡಬಾರದು, ಭಾರ ಎತ್ತಬಾರದು. ಬೆಳಿಗ್ಗೆ ಎದ್ದ ತಕ್ಷಣ ಅಲ್ಲಿ ಬೆರಳಿಟ್ಟು ನೋಡುವುದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಯಿತು, ತಮ್ಮನಿಗೂ.

ಡಾಕ್ಟರ್ ಆಗಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆ ಬೆಡ್ಡಿನ ಪಕ್ಕದ ಸ್ಟೂಲಿನ ಮೇಲೆ ಕೂತು. ಚಿಕ್ಕಂದಿನಿಂದ ಆಸೆ ಇತ್ತು ಅಂತೆಲ್ಲ ಇಲ್ಲ. ಅಲ್ಲಿ ಬರುತ್ತಿದ್ದವರಲ್ಲಿ ಅರ್ಧ ಜನ ಮಂಡ್ಯ, ಕೆ.ಆರ್. ನಗರ, ನಂಜನಗೂಡು ಕಡೆಯ ರೈತರು. ಬಿಪಿ, ಶುಗರ್ ವರ್ಷಗಟ್ಟಲೆ ಇತ್ತು, ಯಾರೂ ಹೇಳಿರಲಿಲ್ಲ, ಇವರೂ ತೋರಿಸಿರಲಿಲ್ಲ. ಊರಲ್ಲೇ ಒಬ್ಬ ಡಾಕ್ಟರ್ ವರ್ಷಕ್ಕೊಂದು ಸಲ ಕೈಹಿಡಿದು ಬಿಪಿ ನೋಡಿದ್ದರೆ ಅಪ್ಪನ ಕಿಡ್ನಿ ಇನ್ನೂ ಹತ್ತು ವರ್ಷ ಬರುತ್ತಿತ್ತೇನೋ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಡಿಗ್ರಿ ಮುಗಿದ ಮೇಲೆ ದುಡ್ಡು ಬೇಕಿತ್ತು. ಊರ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಎಂಟು, ಒಂಬತ್ತು, ಹತ್ತಕ್ಕೆ ಸೈನ್ಸ್ ಪಾಠ ಮಾಡಲು ಸೇರಿಕೊಂಡೆ. ಮ್ಯಾತ್ಸ್ ಮೇಷ್ಟ್ರು ಬಿಟ್ಟುಹೋದಾಗ ಅದೂ ನನ್ನ ತಲೆಗೇ ಬಂತು. ನನ್ನ ಪುಣ್ಯ ಅದು. ಪಿಯುಸಿಯಲ್ಲಿ ನನಗೆ ಫಿಸಿಕ್ಸ್ ಯಾಕೆ ಹತ್ತಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಹಳ್ಳಿ ಶಾಲೆಯಲ್ಲಿ ಕನ್ನಡ ಮೀಡಿಯಮ್ ಓದಿ ಬಂದವಳಿಗೆ ತ್ರಿಕೋನಮಿತಿ ಅರ್ಧಂಬರ್ಧ ಬರುತ್ತಿತ್ತು. ಇಳಿಜಾರಿನ ಮೇಲೆ ಒಂದು ಕಲ್ಲು ಜಾರುತ್ತದೆ ಅನ್ನುವ ಲೆಕ್ಕದಲ್ಲಿ ಎಲ್ಲಿ ಸೈನ್, ಎಲ್ಲಿ ಕಾಸ್ ಹಾಕಬೇಕು ಅಂತಲೇ ತಿಳಿಯದಿದ್ದರೆ ಮುಂದಿನ ಸೂತ್ರ ಎಷ್ಟು ಬಾಯಿಪಾಠ ಮಾಡಿದರೂ ಅಷ್ಟೇ. ಹತ್ತನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಲಂಬಕೋನ ತ್ರಿಭುಜ ಬರೆದು ಬರೆದು, ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿ ಹುಡುಕಿ, ನನಗೇ ಅದು ಕರತಲಾಮಲಕ ಆಯಿತು. ಆಮೇಲೆ ಪಿಯು ಫಿಸಿಕ್ಸ್ ಪುಸ್ತಕ ತೆಗೆದರೆ ಅದು ಬೇರೆಯೇ ಪುಸ್ತಕ ಅನ್ನಿಸಿತು.

ಅದಕ್ಕೇ ಮಾರ್ಕ್ಸ್ ಕಮ್ಮಿ ಬಂದವರಿಗೆ ನಾನು ಮೊದಲು ಕೇಳುವುದು ಇದನ್ನೇ: ಎಲ್ಲಿ ಕೈಕೊಟ್ಟಿತು? ಟೈಮ್ ಸಿಗಲಿಲ್ಲವಾ, ಇಂಗ್ಲಿಷ್ ತೊಡಕಾಯಿತಾ, ಹೈಸ್ಕೂಲ್ ಗಣಿತ ಹಿಂದೆ ಉಳಿಯಿತಾ, ಮೈಗೆ ಹುಷಾರಿರಲಿಲ್ಲವಾ? ಒಂದೊಂದಕ್ಕೂ ಮದ್ದು ಬೇರೆ. ಗಣಿತ ಹಿಂದೆ ಉಳಿದವರು ಲಾಂಗ್ ಟರ್ಮ್ ಕೋಚಿಂಗಿಗೆ ಲಕ್ಷಗಟ್ಟಲೆ ಸುರಿದು ಮೊದಲ ದಿನದಿಂದ ರೊಟೇಷನಲ್ ಮೋಷನ್‌ನಂಥ ಫಿಸಿಕ್ಸ್ ಪಾಠ ಕೇಳಿದರೆ ದುಡ್ಡೂ ಹೋಗುತ್ತದೆ, ಧೈರ್ಯವೂ ಹೋಗುತ್ತದೆ. ಇಂಗ್ಲಿಷ್ ತೊಡಕಾದವರಿಗೆ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ ಅನ್ನುವುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಅರ್ಜಿ ಹಾಕುವಾಗ ಭಾಷೆ ಆರಿಸಿಕೊಳ್ಳಬೇಕು, ಕನ್ನಡ ಆರಿಸಿಕೊಂಡರೆ ಇಂಗ್ಲಿಷೂ ಪಕ್ಕದಲ್ಲೇ ಇರುತ್ತದೆ. ನಾನು ಹಾಗೇ ಬರೆದೆ.

ಪರೀಕ್ಷೆಯ ಲೆಕ್ಕ ಸರಳ. 180 ಪ್ರಶ್ನೆ, ಮೂರು ಗಂಟೆ. ಬಯಾಲಜಿ 90, ಫಿಸಿಕ್ಸ್ 45, ಕೆಮಿಸ್ಟ್ರಿ 45. ಅಂದರೆ 720ರಲ್ಲಿ 360 ಬಯಾಲಜಿಯದ್ದೇ. ಸರಿ ಆದರೆ ನಾಲ್ಕು, ತಪ್ಪಾದರೆ ಒಂದು ಕಳೆಯುತ್ತಾರೆ. ಬಯಾಲಜಿಗೆ ಎನ್‌ಸಿಇಆರ್‌ಟಿ ಎರಡು ಪುಸ್ತಕ, ಪಿಯು ಒಂದನೇ ವರ್ಷದ್ದು, ಎರಡನೇ ವರ್ಷದ್ದು. ಚಿತ್ರದ ಕೆಳಗಿನ ಸಾಲು ಕೂಡ ಬಿಡಬಾರದು. ಬಿಎಸ್ಸಿಯಲ್ಲಿ ನಾನು ಓದಿದ್ದ ದಪ್ಪ ಪುಸ್ತಕಗಳು ಇಲ್ಲಿ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ, ಒಮ್ಮೊಮ್ಮೆ ಅಡ್ಡವೇ ಬಂದವು. ಶಾಲೆ ಬಿಟ್ಟು ಮನೆಗೆ ಬಂದು, ಹಾಲು ಡೈರಿಗೆ ಹಾಕಿ, ರಾತ್ರಿ ಕೂತು ಒಂದೊಂದೇ ಪ್ಯಾರಾ ಓದಿ ನಾನೇ ಪ್ರಶ್ನೆ ಬರೆದುಕೊಳ್ಳುತ್ತಿದ್ದೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು, ಒಎಂಆರ್ ಶೀಟಿನ ಪ್ರಿಂಟ್ ತೆಗೆಸಿಕೊಂಡು, ಪೆನ್ನಿನಲ್ಲೇ ಗೋಲ ತುಂಬಿ ಬರೆಯುತ್ತಿದ್ದೆ. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡರೆ ಎಲ್ಲವೂ ಸರಿ ಅನ್ನಿಸುತ್ತದೆ. ಶೀಟು ತುಂಬಿದಾಗಲೇ ನಿಜ ಗೊತ್ತಾಗುವುದು.

ನೆಗೆಟಿವ್ ಮಾರ್ಕ್ಸಿಗೆ ಹೆದರಿ ಅನುಮಾನ ಬಂದದ್ದನ್ನೆಲ್ಲ ಬಿಡುವವರು ಜಾಸ್ತಿ. ಲೆಕ್ಕ ಹಾಕಿ ನೋಡಿ. ನಾಲ್ಕು ಉತ್ತರದಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಿದ್ದು, ಉಳಿದೆರಡರಲ್ಲಿ ಒಂದನ್ನು ತುಂಬಿದರೆ ಸರಾಸರಿ ಒಂದೂವರೆ ಮಾರ್ಕ್ಸ್ ಕೈಗೆ ಬರುತ್ತದೆ. ಅಂಥದ್ದನ್ನು ಬಿಡಬಾರದು. ನಾಲ್ಕರಲ್ಲಿ ಯಾವುದೂ ಗೊತ್ತಿಲ್ಲದಾಗ ಸುಮ್ನೆ ತುಂಬುವುದರಿಂದ ಮಾತ್ರ ಸಿಗುವುದು ಕಾಲು ಮಾರ್ಕ್ಸಿನಷ್ಟು. ಅದಕ್ಕೆ ಎದೆ ಹೊಡೆದುಕೊಳ್ಳುವುದು ಬೇಡ.

ನನ್ನ ಚಿಕ್ಕಮ್ಮನ ಮಗಳು ಅಮೆರಿಕದಲ್ಲಿ ಹುಟ್ಟಿ ಬೆಳೆದವಳು. ಅವಳಿಗೂ ಡಾಕ್ಟರ್ ಆಗಬೇಕು, ಅವಳಿಗೂ ಡಿಗ್ರಿಯಲ್ಲಿ ಮಾರ್ಕ್ಸ್ ಕಮ್ಮಿ. ನಾವಿಬ್ಬರೂ ಮಾತಾಡಿಕೊಂಡಾಗ ಅಲ್ಲಿನ ಕಷ್ಟ ನನಗೆ ಅರ್ಥವಾಯಿತು. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್. ಡಿಗ್ರಿಯ ಜಿಪಿಎ 4ಕ್ಕೆ ಎಷ್ಟು ಅಂತ ಮೊದಲು ನೋಡುತ್ತಾರೆ, ಸೈನ್ಸ್ ವಿಷಯಗಳದ್ದನ್ನು ಬೇರೆಯಾಗಿಯೂ ಲೆಕ್ಕ ಹಾಕುತ್ತಾರೆ. ಒಂದು ಪೇಪರ್ ಮತ್ತೆ ಬರೆದು ಎ ತೆಗೆದರೂ ಹಳೆಯ ಸಿ ಅಳಿಸಿಹೋಗುವುದಿಲ್ಲ, ಎರಡೂ ಲೆಕ್ಕಕ್ಕೆ ಸೇರುತ್ತವೆ. ಎಂಕ್ಯಾಟ್ ಅನ್ನುವ ಪರೀಕ್ಷೆ ಬೇರೆ, ಅದರ ಅಂಕ 472ರಿಂದ 528ರ ತನಕ. ಅವಳ ಜಿಪಿಎ 2.9. ಡಿಗ್ರಿ ಆದ ಮೇಲೂ ಬಯಾಲಜಿ, ಕೆಮಿಸ್ಟ್ರಿ ಕೋರ್ಸುಗಳನ್ನು ಹೊಸದಾಗಿ ತೆಗೆದುಕೊಂಡು ಎಲ್ಲದರಲ್ಲೂ ಎ ತರುತ್ತಿದ್ದಾಳೆ. ಪೋಸ್ಟ್‌ಬ್ಯಾಕ್ ಅನ್ನುತ್ತಾರಂತೆ ಅದಕ್ಕೆ. ಕೆಳಗಿದ್ದವಳು ಮೇಲೆ ಬರುತ್ತಿದ್ದಾಳೆ ಅಂತ ಕಾಲೇಜಿನವರಿಗೆ ಕಾಣಿಸಬೇಕು. ಮೊದಲ ವರ್ಷದ ಒಂದು ಸೆಮಿಸ್ಟರ್ ಅವಳನ್ನು ಅಷ್ಟು ದೂರ ಬೆನ್ನಟ್ಟುತ್ತದೆ. ಆದರೆ ಅಲ್ಲಿ ಪ್ರಬಂಧ ಬರೆಯಬಹುದು, ಸಂದರ್ಶನದಲ್ಲಿ ಕೂತು ಯಾಕೆ ಹೀಗಾಯಿತು ಅಂತ ಹೇಳಬಹುದು. ನಮ್ಮಲ್ಲಿ ಅಪ್ಪನ ಡಯಾಲಿಸಿಸ್ ಬಗ್ಗೆ ಕೇಳುವವರು ಯಾರೂ ಇಲ್ಲ. ನಮಗೆ ಹಳೇದು ಕಾಡುವುದಿಲ್ಲ, ಹಾಗೇ ನಮ್ಮ ಕಷ್ಟಕ್ಕೆ ಅರ್ಧ ಮಾರ್ಕ್ಸೂ ಸಿಗುವುದಿಲ್ಲ. ಎರಡರಲ್ಲಿ ಯಾವುದು ನ್ಯಾಯ ಅಂತ ನಾನೂ ಅವಳೂ ಗಂಟೆಗಟ್ಟಲೆ ಮಾತಾಡಿದ್ದೇವೆ. ನನಗೆ ಅವರ ಪದ್ಧತಿಯ ಸಂದರ್ಶನ ಇಷ್ಟ. ಅವಳಿಗೆ ನಮ್ಮ ಹೊಸ ಹಾಳೆ ಇಷ್ಟ.

ಇನ್ನೊಂದು ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನೀಟ್‌ನಲ್ಲಿ ಕ್ವಾಲಿಫೈ ಆಗುವುದಕ್ಕೆ ಜನರಲ್‌ಗೆ 50 ಪರ್ಸೆಂಟೈಲ್. ಇದು 50 ಪರ್ಸೆಂಟ್ ಅಲ್ಲ. ಬರೆದವರಲ್ಲಿ ಅರ್ಧ ಜನಕ್ಕಿಂತ ಮೇಲಿದ್ದೀರಿ ಅಂತ ಅಷ್ಟೇ. "ನಮ್ ಮಗ ಕ್ವಾಲಿಫೈ ಆದ" ಅಂತ ಊರಿಗೆಲ್ಲ ಸಿಹಿ ಹಂಚಿ, ಆಮೇಲೆ ಸರ್ಕಾರಿ ಸೀಟು ಬಲು ದೂರ ಇದೆ ಅಂತ ಗೊತ್ತಾದಾಗ ಮನೆಯವರು ಕುಸಿದುಹೋಗುವುದನ್ನು ನೋಡಿದ್ದೇನೆ. ಆ ಹೊತ್ತಿಗೆ ಸರಿಯಾಗಿ ಏಜೆಂಟರು ಬರುತ್ತಾರೆ. ಜಮೀನು ಮಾರಿ ಅಡ್ವಾನ್ಸ್ ಕೊಡಿ ಅನ್ನುತ್ತಾರೆ. ದಯವಿಟ್ಟು ಕೊಡಬೇಡಿ. ಸರ್ಕಾರಿ ಕಾಲೇಜಿನ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗಿನಲ್ಲಿ ರ‍್ಯಾಂಕ್ ಪ್ರಕಾರವೇ ಸಿಗುವುದು, ಫೀಸು ವರ್ಷಕ್ಕೆ ಲಕ್ಷದೊಳಗೆ. ಸಿಗದಿದ್ದರೆ ಇನ್ನೊಂದು ವರ್ಷ ಬರೆಯಬಹುದು. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೆ ಮಿತಿ ಇಲ್ಲ. ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದುಹಾಕಿದರು. ನನ್ನ ಕ್ಲಾಸಿನಲ್ಲಿ ಹದಿನೆಂಟರ ಮಕ್ಕಳು ನನ್ನನ್ನು ಅಕ್ಕ ಅಂತಲೇ ಕರೆಯುತ್ತಾರೆ, ಅನಾಟಮಿ ಚಿತ್ರ ಬರೆಯುವಾಗ ಪಕ್ಕದಲ್ಲಿ ಬಂದು ಕೂರುತ್ತಾರೆ.

ಅನಾಟಮಿ ಅಂದೆ. ಮೊದಲ ವರ್ಷ ಡಿಸೆಕ್ಷನ್ ಹಾಲಿನಲ್ಲಿ ಮುಂಗೈ ಬಿಡಿಸುವ ದಿನ ಮಣಿಕಟ್ಟಿನ ಹತ್ತಿರ ರೇಡಿಯಲ್ ಆರ್ಟರಿ, ಅದರ ಪಕ್ಕದಲ್ಲೇ ಚರ್ಮದ ಕೆಳಗೆ ಸೆಫಾಲಿಕ್ ವೇನ್. ಎರಡರ ನಡುವೆ ಇರುವ ಅಂತರ ಎಷ್ಟು ಸಣ್ಣದು! ಅಪ್ಪನ ಕೈಯಲ್ಲಿ ಸೇರಿಸಿರುವುದು ಇವೆರಡನ್ನೇ. ಅವತ್ತು ಸಂಜೆ ಊರಿಗೆ ಹೋಗಿ ಅಪ್ಪನಿಗೆ ಅವರ ಕೈ ಮೇಲೇ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದೆ. "ಹಂಗಾ" ಅಂದರು, ಆಮೇಲೆ ಅಮ್ಮನನ್ನು ಕರೆದು ಅವರೇ ವಿವರಿಸಿದರು.

ಕೆ.ಆರ್. ಪೇಟೆ ಹುಡುಗಿಗೆ ಕೊನೆಗೆ ಹೇಳಿದ್ದು ಎರಡು ಕೆಲಸ. ಡಿಗ್ರಿ ಅರ್ಧಕ್ಕೆ ಬಿಡಬೇಡ, ಮುಗಿಸು. ಸೀಟು ಸಿಗುವ ತನಕ ನನ್ನ ಹೊಟ್ಟೆ ಹೊರೆದಿದ್ದು ಆ 5.4ರ ಡಿಗ್ರಿಯೇ, ಅದಿಲ್ಲದಿದ್ದರೆ ಶಾಲೆಯಲ್ಲಿ ಕೆಲಸ ಸಿಗುತ್ತಿರಲಿಲ್ಲ. ಎರಡನೆಯದು, ಕಾಗದ ಪತ್ರ ಈಗಲೇ ಮಾಡಿಸು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ 15%, ಕನ್ನಡ ಮೀಡಿಯಮ್‌ನಲ್ಲಿ ಓದಿದವರಿಗೆ 5% ಇದೆ. ನನ್ನ ಸೀಟು ಬಂದದ್ದು 3ಎ (ಹಿಂದುಳಿದ ವರ್ಗಗಳಲ್ಲಿ ಒಂದು ಗುಂಪು) ಗ್ರಾಮೀಣ ಕೋಟಾದಲ್ಲಿ. ಅದಕ್ಕೆ ಓದಿದ ಶಾಲೆಯ ಹೆಡ್‌ಮಾಸ್ಟರ್ ಬರೆದುಕೊಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿರುವ ಸರ್ಟಿಫಿಕೇಟ್ ಬೇಕು. ಜಾತಿ, ಆದಾಯದ್ದು ನಾಡಕಚೇರಿಯಲ್ಲಿ, ಆರ್‌ಡಿ ನಂಬರ್ (ಸರ್ಟಿಫಿಕೇಟಿನ ಮೇಲಿರುವ ಸಂಖ್ಯೆ) ಸಮೇತ. ಶಾಲೆ ಮುಚ್ಚಿದ್ದರೆ, ದಾಖಲೆ ಬೇರೆ ಶಾಲೆಗೆ ಹೋಗಿದ್ದರೆ ಹುಡುಕಲಿಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಹೆಸರಿನಲ್ಲಿ ಒಂದು ಇನಿಷಿಯಲ್ ಹೆಚ್ಚುಕಮ್ಮಿ ಆಗಿದ್ದರೂ ಈಗಲೇ ಸರಿ ಮಾಡಿಸಿಕೊಳ್ಳಿ. ನನ್ನ ಹಳೇ ಶಾಲೆಯ ಸರ್ಟಿಫಿಕೇಟಿನ ನಮೂನೆ ನನ್ನ ಹತ್ತಿರ ಇದೆ, ಬೇಕಾದವರು ಕೇಳಿ, ಕಳಿಸುತ್ತೇನೆ.