ಪೆದ್ದನಾಯ್ನ ಅಂದ್ರೆ ಅಪ್ಪ ಅಲ್ಲ

2025ರ ಫೆಬ್ರವರಿಯಲ್ಲಿ ಅಮೆರಿಕದ ಮಿಲಿಟರಿ ವಿಮಾನ ಗಡೀಪಾರಾದ 104 ಭಾರತೀಯರನ್ನು ಅಮೃತಸರದಲ್ಲಿ ತಂದು ಇಳಿಸಿತಲ್ಲ, ಮಾರನೇ ದಿನ ಕೋಲಾರದ ನಮ್ಮ ಟೀ ಅಂಗಡಿಯಲ್ಲಿ ಅದೇ ಮಾತು. 'ಊರಿಗೆ ಹೋದ್ರೆ ಪ್ರಾಣಭಯ ಅಂತ ಅಲ್ಲಿನ ಕೋರ್ಟಿಗೆ ಹೋಗಿ ಸ್ಟೇ ತರೋಕೆ ಆಗಲ್ವಾ ಸಾರ್?' ಅಂತ ಅಂಗಡಿಯವನು ಕೇಳಿದ. ಅಷ್ಟು ಸುಲಭ ಅಲ್ಲಪ್ಪ ಅಂದೆ. ವಿವರಿಸೋಕೆ ಕೂತರೆ ಟೀ ಆರಿಹೋಗುತ್ತಿತ್ತು. ಇಲ್ಲಿ ಬರೆಯುತ್ತೇನೆ.

ಮೊದಲು ವಕೀಲನಾಗಿ ನಾನು ನಡೆಸಿದ ಒಂದು ಕೇಸು. ಶ್ರೀನಿವಾಸಪುರ ಕಡೆಯ ಯಜಮಾನರು, ಮಾವಿನ ತೋಪಿನಲ್ಲಿ ಭಾಗ ಕೇಳಿ ದಾವೆ ಹಾಕಿದ್ದರು. ಮನೆಮಾತು ತೆಲುಗು. ಪಾಟಿ ಸವಾಲಿನಲ್ಲಿ ಎದುರು ವಕೀಲರು, 'ಕೆರೆ ಕೆಳಗಿನ ಜಮೀನು ಯಾರ ಕೈಲಿತ್ತು?' ಅಂದರು. ಇವರು 'ಪೆದ್ದನಾಯ್ನ' ಅಂದರು. ಅಂದರೆ ದೊಡ್ಡಪ್ಪ. ಟೈಪ್ ಮಾಡುತ್ತಿದ್ದವರಿಗೆ ಕೇಳಿಸಿದ್ದು ಬರೀ 'ನಾಯ್ನ', ಅಂದರೆ ಅಪ್ಪ. ಹೇಳಿಕೆಯಲ್ಲಿ 'ನನ್ನ ತಂದೆಯ ಕೈಯಲ್ಲಿತ್ತು' ಅಂತ ಬಂತು. ನಾನು ಪಕ್ಕದಲ್ಲೇ ಇದ್ದೆ. ಊಟದ ಹೊತ್ತು. ಸರಿಯಾಗಿ ಓದದೆ ಸಹಿ ಹಾಕಿಸಿಬಿಟ್ಟೆ.

ಅಲ್ಲಿಗೆ ಮುಗೀತು. ತಂದೆ ಮೊದಲೇ ತಮ್ಮ ಪಾಲು ತಗೊಂಡಿದ್ದಾರೆ ಅಂತಾಯಿತು. ಮೊದಲ ಅಪೀಲಿನಲ್ಲೂ ಅದೇ. ಸೆಕೆಂಡ್ ಅಪೀಲ್ ಹಾಕಿದೆವು. ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಸೆಕ್ಷನ್ ಪ್ರಕಾರ ಅಲ್ಲಿ ಬೇಕಿರೋದು ಗಣನೀಯ ಕಾನೂನು ಪ್ರಶ್ನೆ. ದೊಡ್ಡಪ್ಪನೋ ಅಪ್ಪನೋ ಅನ್ನೋದು ಕಾನೂನು ಪ್ರಶ್ನೆ ಅಲ್ಲವಲ್ಲ!

ಅಮೆರಿಕದಲ್ಲಿ ಆಶ್ರಯ ಕೇಳುವವರ ಪಾಡೂ ಹೆಚ್ಚುಕಡಿಮೆ ಇದೇ. ಅಲ್ಲಿನ ವಲಸೆ ಜಡ್ಜ್ ನ್ಯಾಯಾಂಗದವರಲ್ಲ, ಸರ್ಕಾರದ ನ್ಯಾಯ ಇಲಾಖೆಯವರು. ಅವರಾದ ಮೇಲೆ ವಲಸೆ ಅಪೀಲು ಮಂಡಳಿ, ಅದೂ ಅದೇ ಇಲಾಖೆಯದು. ನಿಜವಾದ ಕೋರ್ಟಿಗೆ ಹೋಗೋದು ಅದಾದ ಮೇಲೆ, 30 ದಿನದೊಳಗೆ. ಹೋದರೂ ಕೆಳಗಿನವರು ಸಂಗತಿ ಹೀಗೇ ಅಂತ ಬರೆದಿದ್ದರೆ ಹೀಗೇ. ವಿವೇಕ ಇರುವ ಯಾರೇ ಆದರೂ ಬೇರೆ ತೀರ್ಮಾನಕ್ಕೆ ಬರಲೇಬೇಕು ಅನ್ನುವಷ್ಟು ಗಟ್ಟಿ ಸಾಕ್ಷ್ಯ ಇದ್ದರೆ ಮಾತ್ರ ಅದನ್ನು ಬದಲಾಯಿಸಬಹುದು.

ಗಡಿಯಲ್ಲೇ ಸಿಕ್ಕಿಬಿದ್ದವರಿಗೆ ಅಷ್ಟೂ ಇಲ್ಲ. ಶ್ರೀಲಂಕಾದ ಒಬ್ಬ ತಮಿಳರು 2017ರಲ್ಲಿ ಗಡಿ ದಾಟಿ 25 ಗಜ ಹೋಗಿದ್ದರು, ಹಿಡಿದರು. ವ್ಯಾನಿನಲ್ಲಿ ಬಂದವರು ಎತ್ತಿಕೊಂಡು ಹೋಗಿ ಹೊಡೆದರು ಅಂದರು. ಆಶ್ರಯದ ಕೋರಿಕೆ ವಿಚಾರಿಸುವ ಅಧಿಕಾರಿ ಅದನ್ನು ನಂಬಿದರು. ಆದರೆ ಯಾರು, ಯಾಕೆ ಅಂದಾಗ ಗೊತ್ತಿಲ್ಲ ಅಂದಿದ್ದರು. ಆಶ್ರಯಕ್ಕೆ ಬರೀ ಹೊಡೆತ ಸಾಲದು, ಹೊಡೆದ ಕಾರಣವೂ ಮುಖ್ಯ; ರಾಜಕೀಯಕ್ಕೆ ಹೊಡೆದರು ಅಂದಿದ್ದರೆ ಲೆಕ್ಕವೇ ಬೇರೆ. ಆ ವಿಷಯ ಆಮೇಲೆ ಹಾಕಿದ ಅರ್ಜಿಯಲ್ಲಿ ಬಂತು, ದುಭಾಷಿಯ ಜೊತೆ ತೊಡಕಾಯಿತು ಅನ್ನೋದೂ ಬಂತು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7–2ರಲ್ಲಿ ಅವರಿಗೆ ಕೋರ್ಟಿನ ಬಾಗಿಲು ಹಾಕಿತು. ಓದುವಾಗ ನನಗೆ ಪೆದ್ದನಾಯ್ನನೇ ನೆನಪಾದರು.

ನಮ್ಮ ದೇಶ ಜಾಸ್ತಿ ಮಾತಾಡೋ ಹಾಗಿಲ್ಲ ಬಿಡಿ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿಯನ್ನೇ ಹಾಕಿಲ್ಲ.

ಈಗ ತೆಲುಗು ಮಾತಾಡುವ ಸಾಕ್ಷಿ ಕಟಕಟೆ ಹತ್ತಿದರೆ ನಾನು ಟೈಪಿಸ್ಟ್ ಹಿಂದೆ ನಿಂತು ಪರದೆ ನೋಡುತ್ತೇನೆ. ಚಿನ್ನಾಯ್ನ ಅಂದರೆ ಚಿಕ್ಕಪ್ಪ, ಪೆದ್ದನಾಯ್ನ ಅಂದರೆ ದೊಡ್ಡಪ್ಪ, ಒಂದೊಂದನ್ನೂ ಕೇಳಿ ಬರೆಸುತ್ತೇನೆ. ನಮ್ಮ ಜೂನಿಯರ್ ನಗುತ್ತಾನೆ.