ಎಎಸ್‌ವಿ ಕೊಟ್ಟರೂ ಕಣ್ಣು ಬಿಡಲಿಲ್ಲ

ಮಂಡ್ಯದ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್. ಕೆಲಸಕ್ಕೆ ಸೇರಿದ ಹೊಸತು. ಒಂದು ಬೆಳಿಗ್ಗೆ ಕಬ್ಬು ಕಡಿಯುವ ಒಬ್ಬರನ್ನು ಕರೆತಂದರು. ರಾತ್ರಿ ಗುಡಿಸಲಲ್ಲಿ ನೆಲದ ಮೇಲೆ ಮಲಗಿದ್ದರಂತೆ. ಹೊಟ್ಟೆನೋವಿಗೆ ಎಚ್ಚರವಾಗಿದೆ, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದಿದ್ದಾರೆ. ಆಮೇಲೆ ರೆಪ್ಪೆ ಜೋತುಬಿತ್ತು, ಎಂಜಲು ನುಂಗೋಕೂ ಆಗಲಿಲ್ಲ. ಮೈಮೇಲೆ ಹುಡುಕಿದರೆ ಊತವಿಲ್ಲ, ಕಚ್ಚಿದ ಗುರುತೂ ಇಲ್ಲ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಹಾಗೇ.

ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಚುಚ್ಚುಮದ್ದು, 10 ವಯಲ್ ಹೋಯಿತು. ಉಸಿರು ಸಾಲದೆ ವೆಂಟಿಲೇಟರ್‌ಗೆ ಹಾಕಿದರು. ನಾಗರಹಾವಿನ ಕೇಸಿನಲ್ಲಿ ನಿಯೋಸ್ಟಿಗ್ಮಿನ್ ಕೊಟ್ಟು ಸ್ವಲ್ಪ ಹೊತ್ತಿಗೇ ರೆಪ್ಪೆ ಮೇಲೇಳುವುದನ್ನು ನೋಡಿದ್ದೆ. ಇಲ್ಲಿ ಮರುದಿನಕ್ಕೂ ಏನಿಲ್ಲ. "ಔಷ್ದಿ ಕೊಟ್ರಲ್ಲ ಸಿಸ್ಟರ್, ಯಾಕ್ ಕಣ್ಣೇ ಬುಡ್ತಾ ಇಲ್ಲ?" ಅಂತ ಅವರ ಹೆಂಡತಿ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಡ್ಯೂಟಿ ಡಾಕ್ಟರು ಒಂದು ಹಾಳೆಯ ಹಿಂದೆ ಚಿತ್ರ ಬರೆದು ತೋರಿಸಿದರು. ನರದ ತುದಿಯಲ್ಲಿ ಪುಟ್ಟ ಚೀಲಗಳಿವೆ, ವೆಸಿಕಲ್ ಅಂತ. ಅಗಲ 40–50 ನ್ಯಾನೋಮೀಟರ್, ಒಳಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳು. ನರದ ಸಂದೇಶವನ್ನು ಸ್ನಾಯುವಿಗೆ ಮುಟ್ಟಿಸುವ ರಾಸಾಯನಿಕ ಅದು. ತುಂಬಿಸೋದೂ ಪುಕ್ಕಟೆ ಅಲ್ಲ. ಚೀಲದ ಗೋಡೆಯ ಪಂಪು ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಪ್ರೋಟಾನ್ ಒಳಗೆ ತಳ್ಳುತ್ತದೆ. ಆ ಪ್ರೋಟಾನ್ ಹೊರಗೆ ಬಂದ ಹಾಗೆ ಬದಲಿಗೆ ಅಸಿಟೈಲ್‌ಕೋಲಿನ್ ಒಳಗೆ ಹೋಗುತ್ತದೆ. ತುಂಬಿದ ಕೆಲವು ಚೀಲಗಳು ನರದ ಪೊರೆಗೆ ತಾಗಿಕೊಂಡೇ ಕಾಯುತ್ತವೆ, ಸಕ್ಕರೆ ಕಾರ್ಖಾನೆ ಗೇಟಿನಲ್ಲಿ ಲೋಡ್ ಆಗಿ ನಿಂತ ಕಬ್ಬಿನ ಗಾಡಿಗಳ ಹಾಗೆ. ಸಂದೇಶ ಬಂದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಸಿನಾಪ್ಟೋಟ್ಯಾಗ್ಮಿನ್ ಅನ್ನುವ ಪ್ರೋಟೀನ್ ಹಿಡಿಯುತ್ತದೆ. ಹಗ್ಗ ಹೊಸೆದ ಹಾಗೆ ಹೆಣೆದುಕೊಂಡ ಸ್ನೇರ್ ಪ್ರೋಟೀನ್‌ಗಳು ಚೀಲವನ್ನು ಪೊರೆಗೆ ಬೆಸೆದುಬಿಡುತ್ತವೆ. ಸರಕೆಲ್ಲ ಹೊರಕ್ಕೆ, ಮಿಲಿಸೆಕೆಂಡಿನೊಳಗೆ! ಖಾಲಿ ಚೀಲದ ಪೊರೆ ವಾಪಸ್ ಒಳಗೆ ಹೋಗಿ ಮತ್ತೆ ತುಂಬಿಕೊಳ್ಳುತ್ತದೆ. (ಇದರ ಗುಟ್ಟು ಬಿಡಿಸಿದ ಮೂವರಿಗೆ 2013ರಲ್ಲಿ ನೊಬೆಲ್ ಬಂತು. ನರ್ಸಿಂಗ್ ಓದುವಾಗ ಇದನ್ನೆಲ್ಲ ಪರೀಕ್ಷೆಗೆ ಸುಮ್ನೆ ಉರು ಹೊಡೆದಿದ್ದೆ.)

ನಾಗರಹಾವಿನ ವಿಷ ಮುಖ್ಯವಾಗಿ ಸ್ನಾಯುವಿನ ಕಡೆ ಅಡ್ಡ ಕೂರುತ್ತದೆ. ಕಟ್ಟುಹಾವಿನದು ನರದ ತುದಿಗೇ ಕೈ ಹಾಕುತ್ತದೆ. ಚೀಲಗಳು ಖಾಲಿಯಾಗುತ್ತವೆ, ತುದಿಯೂ ಹಾಳಾಗುತ್ತದೆ. ನಿಯೋಸ್ಟಿಗ್ಮಿನ್ ಅಂದರೆ ಹೊರಗೆ ಬಂದ ಅಸಿಟೈಲ್‌ಕೋಲಿನ್ ಒಡೆದುಹೋಗದ ಹಾಗೆ ಕಾಯುವ ಔಷಧಿ. ಹೊರಗೆ ಬರೋದೇ ನಿಂತಿದ್ದರೆ ಏನನ್ನು ಕಾಯಬೇಕು? ಎಎಸ್‌ವಿ ರಕ್ತದಲ್ಲಿರುವ ವಿಷ ಹಿಡಿಯುತ್ತದೆ, ಅಷ್ಟೇ. ತುದಿ ಮತ್ತೆ ಚಿಗುರುವುದಕ್ಕೆ ದಿನಗಳೇ ಬೇಕು. ಅಲ್ಲಿವರೆಗೆ ಉಸಿರಾಡಿಸುವುದೇ ಚಿಕಿತ್ಸೆ.

ಇಷ್ಟು ಕೇಳಿಸಿಕೊಂಡ ಮೇಲೂ ಮೂರನೇ ದಿನ ಎಡವಿದೆ. ಪಾಪೆ ಅಗಲವಾಗಿತ್ತು, ಟಾರ್ಚ್ ಬಿಟ್ಟರೂ ಕುಗ್ಗಲಿಲ್ಲ. "ಇವರದ್ದು ಮುಗೀತು ಅನ್ಸುತ್ತೆ" ಅಂದುಬಿಟ್ಟೆ, ಹಾಸಿಗೆ ಪಕ್ಕದಲ್ಲೇ. ಪಾಪೆಯನ್ನೂ ಈ ವಿಷ ಹಾಗೆ ಮಾಡಬಲ್ಲದು, ಒಳಗೆ ಮಿದುಳು ಎಚ್ಚರವಾಗಿಯೇ ಇರಬಹುದು. ಡಾಕ್ಟರು ನನಗೆ ಸರಿಯಾಗಿ ಬೈದರು. ಆಮೇಲೆ ಬಗ್ಗಿ, "ಕೇಳಿಸಿದರೆ ಕಾಲ್ಬೆರಳು ಆಡಿಸಿ ಅಣ್ಣ" ಅಂದರು. ಹೆಬ್ಬೆರಳು ಒಂದಿಷ್ಟೇ ಅಲ್ಲಾಡಿತು.

ಅವತ್ತಿಂದ ಪ್ರತಿ ಸಲ ಹೇಳಿಯೇ ಮುಟ್ಟುತ್ತಿದ್ದೆ: "ಅಣ್ಣ, ಇವತ್ತು ಶುಕ್ರವಾರ, ಮಗ್ಗುಲು ಬದಲಿಸ್ತೀವಿ."

ಎಂಟನೇ ದಿನ ಟ್ಯೂಬ್ ತೆಗೆದರು. ಅವರು ನನ್ನ ಮುಖ ನೋಡಿದ್ದೇ ಅವತ್ತು. "ನೀರು ಬೇಕಾ ಅಣ್ಣ?" ಅಂದೆ. ಗಂಟಲು ಒಡೆದಿತ್ತು, ಆದರೂ ನಕ್ಕರು. "ಮುಗೀತು ಅಂದೋರು ನೀವೇ ಅಲ್ವಾ ಸಿಸ್ಟರ್?"