ತೊಟ್ಟಿಯ ಮುಂದೆ ಸುಮ್ಮನೆ ನಿಲ್ಲಬೇಕಿದ್ದ ವರ್ಷ

ಫ್ರಾನ್ಸಿನ ಬರ್ಗಂಡಿಯಲ್ಲಿ, ಬೋನ್ ಪಟ್ಟಣದ ಹತ್ತಿರ, ಒಂದು ಸಣ್ಣ ವೈನ್ ಮನೆಯಲ್ಲಿ ನನ್ನ ಕೆಲಸ. ಇಲ್ಲಿ ನಾನು ಕಂಡ ವರ್ಷಗಳಲ್ಲಿ ಇವತ್ತಿಗೂ ಕಾಡುವುದು 2021.

ಆ ಸಲ ಮಾರ್ಚ್ ಕೊನೆಗೇ ಬಿಸಿಲು 25 ಡಿಗ್ರಿ ಮುಟ್ಟಿತು. ಬಳ್ಳಿಗಳು ನಂಬಿ ಚಿಗುರಿದವು. ಏಪ್ರಿಲ್ ಮೊದಲ ವಾರ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿದವು. ಚಿಗುರು ಹೆಪ್ಪುಗಟ್ಟದಿರಲಿ ಅಂತ ಸಾಲುಗಳ ನಡುವೆ ಮೇಣದ ಡಬ್ಬಿ ಹಚ್ಚಿದೆವು. ಒಂದು ಹೆಕ್ಟೇರಿಗೆ 300-400 ಬೇಕು. ದೂರದಿಂದ ನೋಡಿದರೆ ಇಡೀ ಇಳಿಜಾರು ಕಾರ್ತಿಕ ದೀಪೋತ್ಸವದ ಹಾಗಿತ್ತು. ಮೂರು ರಾತ್ರಿ ಯಾರೂ ಮಲಗಲಿಲ್ಲ. ಬೆಳಿಗ್ಗೆ ಮುಟ್ಟಿದರೆ ಎಷ್ಟೋ ಚಿಗುರು ಕಂದಿ ಪುಡಿಯಾಗುತ್ತಿತ್ತು. ಬಿಳಿ ವೈನಿನ ಶಾರ್ಡೊನೇ ಬೇಗ ಚಿಗುರುವ ದ್ರಾಕ್ಷಿ ತಳಿ, ಅದಕ್ಕೇ ಜಾಸ್ತಿ ಪೆಟ್ಟು. ಕೆಂಪು ವೈನಿನ ಪಿನೋ ನ್ವಾರ್ ಸ್ವಲ್ಪ ತಡ, ಹಾಗಾಗಿ ಒಂದಿಷ್ಟು ಉಳಿಯಿತು.

ಉಳಿದದ್ದಕ್ಕೆ ಮಳೆ ಬಂತು. ಡೌನಿ ರೋಗ, ಬೂದಿ ರೋಗ, ಎರಡೂ. ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಇದೆ ಅಲ್ವಾ, ಅದು ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿಯ ಡೌನಿ ರೋಗಕ್ಕೆ. ಹೊಡೆಯುವುದು, ಮಳೆ ತೊಳೆದುಕೊಂಡು ಹೋಗುವುದು, ಮತ್ತೆ ಹೊಡೆಯುವುದು. ಬೇಸಿಗೆ ಪೂರ್ತಿ ಇದೇ ಆಯಿತು.

2020ರಲ್ಲಿ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಗಿತ್ತು. ಈ ಸಲ ಸೆಪ್ಟೆಂಬರ್ ಕೊನೆಯ ವಾರ. ಹಣ್ಣು ಕಡಿಮೆ, ಸಕ್ಕರೆ ಕಡಿಮೆ, ಹುಳಿ ಮುಂದು.

ನಾನು ತಪ್ಪು ಮಾಡಿದ್ದು ಇಲ್ಲಿ. ಹುದುಗು ಬರುವಾಗ ಸಿಪ್ಪೆಯೆಲ್ಲ ತೇಲಿ ತೊಟ್ಟಿಯ ಮೇಲೆ ಮುಚ್ಚಳದಂತೆ ಕೂರುತ್ತದೆ. ಅದನ್ನು ಕೋಲಿನಿಂದ ಕೆಳಗೆ ಒತ್ತಿದರೆ ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತವೆ. ಯಜಮಾನರು ಸ್ಪಷ್ಟವಾಗಿ ಹೇಳಿದ್ದರು: "ಈ ವರ್ಷ ಒತ್ತಬೇಡ. ಕೆಳಗಿನ ರಸ ತೆಗೆದು ಮೇಲೆ ಸುರಿ, ಸಿಪ್ಪೆ ಒದ್ದೆಯಾದರೆ ಸಾಕು." ನನ್ನ ಕಣ್ಣಲ್ಲಿ ಮಾತ್ರ ಹಿಂದಿನ ವರ್ಷದ ಗಾಢ ಕೆಂಪು ಕೂತಿತ್ತು. ಒಂದು ತೊಟ್ಟಿ ತೀರಾ ಪೇಲವ ಅನ್ನಿಸಿ, ಮೂರು ದಿನ ಸಂಜೆ ಯಾರಿಗೂ ಹೇಳದೆ ಒತ್ತಿದೆ. ಸಹಾಯ ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ.

ಬಣ್ಣ ಚೂರು ಏರಿತು. ರುಚಿ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆಗೆ ಅಂಟಿತು. ಪೂರ್ತಿ ಮಾಗದ ಸಿಪ್ಪೆ, ಬೀಜದಿಂದ ನಾನು ಹಿಂಡಿದ್ದು ಒಗರನ್ನೇ.

ಯಜಮಾನರು ಬೈಯಲಿಲ್ಲ. ಚಳಿಗಾಲದಲ್ಲಿ ಎರಡು ಲೋಟ ಮುಂದಿಟ್ಟರು. ಒಂದು ನನ್ನ ತೊಟ್ಟಿಯದು. ಇನ್ನೊಂದು ಪಕ್ಕದ್ದು, ಅದೇ ತೋಟದ ಹಣ್ಣು, ಒತ್ತದೇ ಬಿಟ್ಟದ್ದು. ಅದು ಪುನರ್ಪುಳಿ ಶರಬತ್ತಿನಷ್ಟು ತಿಳಿಗೆಂಪು. ಮೂಗಿಗೆ ಹಿಡಿದರೆ ಚೆರಿ, ಗುಲಾಬಿ. ಹಗುರ, ಆದರೆ ನುಂಗಿದ ಮೇಲೂ ಬಾಯಲ್ಲಿ ಉಳಿಯುತ್ತಿತ್ತು. 2020ರ ದಪ್ಪ, ಬಿಸಿ ವೈನಿಗಿಂತ ನನಗೆ ಅದೇ ಇಷ್ಟವಾಯಿತು, ಈಗಲೂ ಅದೇ ಇಷ್ಟ. ಚಳಿ, ಮಳೆ ಎಲ್ಲ ದಾಟಿ ಬಂದ ಹಣ್ಣಿಗೆ ಹೇಳಲು ಇಷ್ಟು ಮೆಲುದನಿ ಇತ್ತು. ನಾನು ಅದರ ಬಾಯಿಂದ ಕೂಗಿಸಲು ಹೋಗಿದ್ದೆ.

ಈಗ ಕೊಯ್ಲಿನ ದಿನಗಳಲ್ಲಿ ಹಳೆಯ ವರ್ಷದ ಟಿಪ್ಪಣಿ ಪುಸ್ತಕವನ್ನು ತೊಟ್ಟಿಯ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಬೆಳಿಗ್ಗೆ ಮೊದಲು ರಸದ ರುಚಿ ನೋಡುತ್ತೇನೆ, ಆಮೇಲೆ ಕೋಲು ಹಿಡಿಯಬೇಕೋ ಬೇಡವೋ ನಿರ್ಧಾರ. ಅನುಮಾನ ಬಂದರೆ ಕೇಳುತ್ತೇನೆ.

ನನ್ನ ತೊಟ್ಟಿಯಿಂದ ತುಂಬಿದ್ದು 228 ಲೀಟರಿನ ಎರಡು ಪಿಪಾಯಿ. ಊರಿನ ಹೆಸರು ಹೊತ್ತ ಮೇಲ್ದರ್ಜೆಯ ಬಾಟಲಿಗೆ ಅವು ಹೋಗಲಿಲ್ಲ, ಬರೀ ಬರ್ಗಂಡಿ ಅನ್ನುವ ಲೇಬಲ್ಲಿನಡಿ ಬೇರೆ ವೈನಿನ ಜೊತೆ ಬೆರೆತವು. ಮೂರು ರಾತ್ರಿ ದೀಪ ಹಚ್ಚಿ ಕಾದ ತೋಟದ ಹಣ್ಣು ಅದು.